ಸರಾಸರಿ 29 ಬರಬೇಕಿತ್ತು, ಐದೂ ಸೆನ್ಸರ್ 30.15ಕ್ಕೆ ಒಪ್ಪಿಕೊಂಡಿವೆ

ತೋಟದಮನೆ:
ನಮಸ್ಕಾರ. ನಮ್ಮ ದೊಣ್ಣೆಮೆಣಸಿನ ಪಾಲಿಹೌಸಿನಲ್ಲಿ ಉಷ್ಣಾಂಶ ನೋಡಲು ಐದು ಸೆನ್ಸರ್ ಕಟ್ಟಿದ್ದೇನೆ. ನಡುಗಂಬಕ್ಕೆ ಒಂದು, ಮೂಲೆಗೆ ಒಂದೊಂದು. ಮೂಲೆಯವು ನಡುವಿನದರ ಜೊತೆ ಮಾತ್ರ ಮಾತಾಡುತ್ತವೆ. ಯಾವುದೂ ಯಜಮಾನ ಅಲ್ಲ. ಪ್ರತಿ ಸುತ್ತಿನಲ್ಲಿ ತನ್ನ ಅಂಕಿ, ನೆರೆಯವರ ಅಂಕಿ ಎಲ್ಲಾ ಕೂಡಿಸಿ ಸರಾಸರಿ ತೆಗೆದು, ಅದನ್ನೇ ಹೊಸ ಅಂಕಿ ಮಾಡಿಕೊಳ್ಳುತ್ತವೆ.

ನಿನ್ನೆ ಮಧ್ಯಾಹ್ನ ಬದಿಯ ಪರದೆ ಎತ್ತಿದ್ದೆ. ನಡುವೆ 34 ಡಿಗ್ರಿ, ಮೂಲೆಗಳಲ್ಲಿ ಸುತ್ತಲೂ ಕ್ರಮವಾಗಿ 26, 27, 28, 30. ಸರಾಸರಿ 29 ತಾನೆ? ಐದೂ 30.15ಕ್ಕೆ ಬಂದು ನಿಂತವು. ಮೊದಲ ಸುತ್ತಿನಲ್ಲಿ ನಡುವಿನದಕ್ಕೆ ಸರಿಯಾಗಿ 29 ಸಿಕ್ಕಿತ್ತು, ಎರಡನೇ ಸುತ್ತಿಗೆ 30.5 ಆಯಿತು! ಕೈಗೆ ಬಂದದ್ದು ಹೇಗೆ ಜಾರಿತು? ಕೋಡ್ ಮೂರು ಸಲ ಓದಿದೆ, ತಪ್ಪು ಕಾಣಲಿಲ್ಲ.

ಸೀಮೆಸುಣ್ಣ:
ಕೋಡ್ ಸರಿಯಿದೆ, ತೂಕ ಸರಿಯಿಲ್ಲ. ನಡುವಿನದರ ಮಾತಿಗೆ ಪ್ರತಿ ಮೂಲೆಯೂ ಅರ್ಧ ಬೆಲೆ ಕೊಡುತ್ತಿದೆ, ಮೂಲೆಯ ಮಾತಿಗೆ ನಡುವಿನದು ಐದನೇ ಒಂದು ಪಾಲು.

ಕಾಗದದಲ್ಲಿ ಮಾಡಿ ನೋಡಿ. ನಡುವಿನದು ತನ್ನದೂ ಸೇರಿ 5 ಅಂಕಿ ಕೂಡಿಸುತ್ತದೆ, ಮೂಲೆಯದು 2. ಹಾಗಾಗಿ ನಡುವಿನ ಅಂಕಿಯನ್ನು 5ರಿಂದ, ಮೂಲೆಯವನ್ನು 2ರಿಂದ ಗುಣಿಸಿ ಕೂಡಿಸಿ: 170 + 222 = 392. ಮೊದಲ ಸುತ್ತಾದ ಮೇಲೆ ನಡುವೆ 29, ಮೂಲೆಗಳಲ್ಲಿ 30, 30.5, 31, 32. ಈಗ 145 + 247, ಮತ್ತೆ 392. ಎಷ್ಟು ಸುತ್ತು ಹೋದರೂ ಅದು ಅಲ್ಲಾಡುವುದಿಲ್ಲ. ಆ 5 ಮತ್ತು ನಾಲ್ಕು 2ಗಳ ಮೊತ್ತ 13, ಅದರಿಂದ ಭಾಗಿಸಿ, ನಿಮ್ಮ 30.15 ಬರುತ್ತದೆ. ನನಗೆ ಈ ಲೆಕ್ಕದಲ್ಲಿ ತುಂಬಾ ಇಷ್ಟವಾಗುವುದು ಇದೇ: ಕೊನೆಯ ಉತ್ತರ ಆರಂಭದಲ್ಲೇ ಕೂತಿರುತ್ತದೆ. 1974ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಾರಿಸ್ ಡಿಗ್ರೂಟ್ ಬರೆದ ಒಮ್ಮತದ ಲೆಕ್ಕವೂ ಇದೇ ಜಾತಿಯದು. ಯಾವ ಸೆನ್ಸರ್ ಯಾರ ಮಾತಿಗೆ ಎಷ್ಟು ತೂಕ ಕೊಡುತ್ತದೆ ಎಂದು ಸೆನ್ಸರಿಗೊಂದು ಅಡ್ಡಸಾಲಿನಂತೆ ಬರೆದ ಕೋಷ್ಟಕವೇ ತೂಕದ ಮ್ಯಾಟ್ರಿಕ್ಸ್. ಅದರಲ್ಲಿ ಪ್ರತಿ ಅಡ್ಡಸಾಲಿನ ಮೊತ್ತ 1 ಇದ್ದು ಜಾಲ ತುಂಡಾಗದಿದ್ದರೆ ನಿಮ್ಮಲ್ಲಿ ಒಮ್ಮತ ಖಂಡಿತ. ಪ್ರತಿ ಕಂಬಸಾಲಿನ ಮೊತ್ತವೂ 1 ಇದ್ದರೆ ಮಾತ್ರ ನಿಜವಾದ ಸರಾಸರಿ.

ಮೆಟ್ರೊಪೊಲಿಸ್ ತೂಕ ಹಾಕಿ. ಕೊಂಡಿಯ ಎರಡು ತುದಿಗಳಲ್ಲಿ ಯಾವುದಕ್ಕೆ ನೆರೆಯವರು ಹೆಚ್ಚೋ ಆ ಸಂಖ್ಯೆಗೆ 1 ಕೂಡಿಸಿ, ಅದರಿಂದ 1ನ್ನು ಭಾಗಿಸಿ. ಎರಡೂ ಕಡೆ ಅದೇ ತೂಕ, ಉಳಿದದ್ದು ತನಗೆ. ನಿಮ್ಮಲ್ಲಿ ಪ್ರತಿ ಕೊಂಡಿಗೂ 0.2.

ತೋಟದಮನೆ:
29 ಬಂತು ಸರ್! ನಡುವಿನದಕ್ಕೆ ಮೊದಲ ಸುತ್ತಿನಲ್ಲೇ ಸಿಕ್ಕಿತು, ಈ ಸಲ ಬಿಡಲಿಲ್ಲ. ಆದರೆ ಮೂಲೆಗಳು 0.1ರೊಳಗೆ ಬರಲು 14 ಸುತ್ತು ಹಿಡಿಯಿತು.

ಸೀಮೆಸುಣ್ಣ:
ಸುತ್ತಿಗೆ ಐದರಲ್ಲಿ ಒಂದು ಪಾಲು ಅಂತರ ಮಾತ್ರ ಕರಗುತ್ತಿದೆ, ಅದಕ್ಕೇ. ಅಕ್ಕಪಕ್ಕದ ಮೂಲೆಗಳೂ ಮಾತಾಡಲಿ. ಆ ಹೊಸ ನಾಲ್ಕು ಕೊಂಡಿಗಳಿಗೆ ತೂಕ 0.25, ಮೂಲೆಗೆ ತನ್ನ ಪಾಲು 0.3. ಯಾರಿಗೆ ಯಾರು ನೆರೆ ಎಂದು ಬರೆದಿಡುವ ಕೋಷ್ಟಕ ಲಾಪ್ಲಾಸಿಯನ್ ಮ್ಯಾಟ್ರಿಕ್ಸ್; ಅದರಿಂದ ಲೆಕ್ಕ ಹಾಕಿ ತೆಗೆಯುವ ವಿಶಿಷ್ಟ ಸಂಖ್ಯೆಗಳು ಐಗನ್ ಮೌಲ್ಯಗಳು. ಅವುಗಳಲ್ಲಿ ಎರಡನೇ ಚಿಕ್ಕದು ಜಾಲದ ಗಟ್ಟಿತನದ ಅಳತೆ ಎಂದು ಗಣಿತಜ್ಞ ಫೀಡ್ಲರ್ 1973ರಲ್ಲಿ ತೋರಿಸಿದರು. ನಿಮ್ಮ ಜಾಲದಲ್ಲಿ ಅದು 1ರಿಂದ 3ಕ್ಕೆ ಏರುತ್ತದೆ. ನಿಮ್ಮ ಅಂಕಿಗಳನ್ನೇ ಹಾಕಿ ನೋಡಿದೆ, ಮೂರೇ ಸುತ್ತು ಸಾಕು.

ಜಾಲಗಾರ:
ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಪಂಪ್‌ಸೆಟ್ ಶುರುವಾದಾಗ ಸಿಗ್ನಲ್ ತಪ್ಪುತ್ತಿತ್ತು. ಒಂದು ತುದಿಗೆ ಅಂಕಿ ತಲುಪಿ ಇನ್ನೊಂದಕ್ಕೆ ತಲುಪದಿದ್ದರೆ ಒಟ್ಟು ಮೊತ್ತ ಕೆಡುತ್ತದೆ, ಆಮೇಲೆ ತಾನಾಗಿ ಸರಿಹೋಗುವುದಿಲ್ಲ. ಎರಡೂ ಕಡೆ ತಲುಪಿದ್ದು ಖಾತ್ರಿಯಾದರೆ ಮಾತ್ರ ಬದಲಿಸಿ, ಇಲ್ಲದಿದ್ದರೆ ಇಬ್ಬರೂ ಆ ಸುತ್ತು ಬಿಡಲಿ. ಪ್ರತಿ ಸುತ್ತಿಗೂ ಐದರ ಮೊತ್ತ ಬರೆದಿಟ್ಟುಕೊಳ್ಳಿ. ನಿನ್ನೆಯ ಅಂಕಿಗಳಿಗೆ ಅದು 145. ಯಾವ ಸುತ್ತಿನಲ್ಲಿ ಬದಲಾಯಿತೋ ಅಲ್ಲೇ ಹುಡುಕಿ.