ಸಹಾಯ ಬೇಕು: ಹಳಬರ ಜಾಗವನ್ನೇ ಸಮುದ್ರ ತಿನ್ನುತ್ತಿದೆ, ಏನು ಮಾಡಲಿ?

ಸಮುದ್ರ ದಂಡೆಯಲ್ಲಿ ನಮ್ಮದೊಂದು ಕ್ಯಾಂಪಿಂಗ್ ಜಾಗ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು, ತಂಗಿ ನೋಡಿಕೊಳ್ಳುತ್ತೇವೆ. ಬರುವವರಲ್ಲಿ ಜಾಸ್ತಿ ಜನ ಹಳಬರೇ. ಪ್ರತಿ ವರ್ಷ ಅದೇ ವಾರ, ಅದೇ ಜಾಗ. ಅಂದು ಮರಳಲ್ಲಿ ಆಡಿದ ಮಕ್ಕಳು ಈಗ ತಮ್ಮ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ.

ತೊಂದರೆ ಇರುವುದು ಮುಂದಿನ ಸಾಲಿನಲ್ಲಿ. ದಂಡೆ ಕೊರೆದು ಹೋಗುತ್ತಿದೆ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಉಬ್ಬರ ಜೋರು, ನೀರು ಟೆಂಟಿನ ಗೂಟದವರೆಗೂ ಬರುತ್ತದೆ. ಮರಳಿನ ಚೀಲ ಪೇರಿಸಿದೆವು, ಒಂದೇ ಬಿರುಗಾಳಿಗೆ ಹೋಯಿತು. ಕಲ್ಲಿನ ಗೋಡೆ ಬೇಡ ಅಂದುಕೊಂಡೆವು. ಅಲೆ ಅದಕ್ಕೆ ಬಡಿದು ಬುಡದ ಮರಳನ್ನೇ ಎಳೆದುಕೊಂಡು ಹೋಗುತ್ತದೆ, ಪಕ್ಕದ ದಂಡೆಗೂ ಪೆಟ್ಟು. ಈಗ ದಿಬ್ಬದ ಮೇಲೆ ಹುಲ್ಲು, ಬಳ್ಳಿ ಬೆಳೆಯಲು ಬಿಟ್ಟಿದ್ದೇವೆ. ಅದನ್ನು ಯಾರೂ ತುಳಿಯಬಾರದು. ಅಂದರೆ ಆ ಸಾಲನ್ನೇ ತೆಗೆಯಬೇಕು, ಅಲ್ವಾ?

ಆ ಸಾಲಿನ ಹಳಬರಿಗೆ ಫೋನ್ ಮಾಡಿ ಹೇಳಿದೆ. ಒಬ್ಬರು ‘ಹಾಗಾದ್ರೆ ಬರಲ್ಲ ಬಿಡಿ’ ಅಂದರು. ಅಪ್ಪನೂ ಮುಖ ಊದಿಸಿಕೊಂಡಿದ್ದಾರೆ. ಹಿಂದಿನ ಸಾಲುಗಳಲ್ಲಿ ಸಮುದ್ರ ಕಾಣುವ ಜಾಗ ನಾಲ್ಕೇ, ಕೇಳುವವರು ಒಂಬತ್ತು ಕುಟುಂಬ.

ಇಂಥ ಜಾಗ ನಡೆಸುವವರು ಹೇಳಿ: ಮೊದಲಿನಿಂದ ಬರುತ್ತಿರುವವರಿಗೆ ಕೊಡಲಾ, ಚೀಟಿ ಎತ್ತಲಾ, ಇಲ್ಲ ವರ್ಷಕ್ಕೆ ಇಷ್ಟು ಮನೆ ಅಂತ ಸರದಿ ಮಾಡಲಾ? ನೀವು ಯಾವುದು ಮಾಡಿದಿರಿ, ಹಳಬರು ಒಪ್ಪಿದರಾ?