ಅಮೆರಿಕದ ಶಾಲಾ ಕ್ರೀಡೆ: ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳ ಅರ್ಹತೆ ಯಾವ ಕಾನೂನಿನಡಿ?

ಪ್ರಶ್ನೆ: ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುವ ಕೇಂದ್ರ ಕಾಯ್ದೆ ಟೈಟಲ್ ನೈನ್ 1972ರಿಂದಲೇ ಇದೆಯಲ್ಲ, ಮತ್ತೆ ರಾಜ್ಯಕ್ಕೊಂದು ನಿಯಮ ಯಾಕೆ?

ಉತ್ತರ 1: ಆ ಕಾಯ್ದೆ ನಿಷೇಧಿಸುವುದು ಲಿಂಗ ತಾರತಮ್ಯವನ್ನು. ಹುಡುಗಿಯರಿಗೆ ಪ್ರತ್ಯೇಕ ತಂಡ ಕಟ್ಟಲು ಅವಕಾಶ ಕೊಟ್ಟದ್ದು 1975ರ ನಿಯಮಾವಳಿ. ಯಾರನ್ನು ಹುಡುಗಿ ಎನ್ನಬೇಕೆಂಬ ವ್ಯಾಖ್ಯೆ ಎರಡರಲ್ಲೂ ಇಲ್ಲ. ಆ ಖಾಲಿ ಜಾಗಕ್ಕೆ ಮೊದಲು ಕಾನೂನು ತಂದದ್ದು ಐಡಹೊ ರಾಜ್ಯ, 2020ರಲ್ಲಿ: ಟ್ರಾನ್ಸ್‌ಜೆಂಡರ್ ಹುಡುಗಿಯರು ಹುಡುಗಿಯರ ತಂಡದಲ್ಲಿ ಆಡುವಂತಿಲ್ಲ ಎಂದು.

ಉತ್ತರ 2: ಐಡಹೊ ಕಾಯ್ದೆಯ ತೊಡಕೆಲ್ಲ ಪರಿಶೀಲನೆಯಲ್ಲೇ. ಆಟಗಾರ್ತಿಯ ಲಿಂಗದ ಬಗ್ಗೆ ತಕರಾರು ಬಂದರೆ ವೈದ್ಯರು ಜನನಾಂಗ, ಸಹಜ ಟೆಸ್ಟೋಸ್ಟೆರಾನ್ (ಪುರುಷ ಹಾರ್ಮೋನ್) ಮಟ್ಟ, ವಂಶವಾಹಿ ಇವುಗಳಲ್ಲಿ ಒಂದು ಅಥವಾ ಹೆಚ್ಚಿನದರ ಆಧಾರದ ಮೇಲೆ ದೃಢೀಕರಿಸಬೇಕು. ತಕರಾರು ಯಾವ ಹುಡುಗಿಯ ಮೇಲೂ ಬರಬಹುದು. ಮಕ್ಕಳ ಮಟ್ಟಿಗೆ ಇದು ಅತಿಯಾಯಿತು.

ಉತ್ತರ 3: ಪರಿಶೀಲನೆಯ ಬಗ್ಗೆ ಒಪ್ಪುತ್ತೇನೆ. ಆದರೆ ಪ್ರೌಢಾವಸ್ಥೆಯ ನಂತರ ಬಲ, ವೇಗಗಳಲ್ಲಿ ಬೀಳುವ ಅಂತರವೂ ನಿಜ, ಹುಡುಗಿಯರ ವಿಭಾಗ ಇರುವುದೇ ಅದಕ್ಕಾಗಿ. ಇಂಥದೇ ನಿಷೇಧದ ದೇಶವ್ಯಾಪಿ ಮಸೂದೆ 2025ರ ಜನವರಿಯಲ್ಲಿ ಕೆಳಮನೆಯಲ್ಲಿ 218–206ರಿಂದ ಗೆದ್ದಿತು. ಮಾರ್ಚ್‌ನಲ್ಲಿ ಸೆನೆಟ್‌ನಲ್ಲಿ ಮುಂದಕ್ಕೊಯ್ಯಲು 60 ಮತ ಬೇಕಿತ್ತು, ಸಿಕ್ಕಿದ್ದು 51.