ಬೆಕ್ಕು, ನಾಯಿ ಇರುವ ಮನೆಯಲ್ಲಿ ಯಾವ ಗಿಡಗಳನ್ನು ಉಳಿಸಿಕೊಳ್ಳಬಹುದು?

ಪ್ರಶ್ನೆ (ಬಾಲ್ಕನಿ ತೋಟ):
ನಾಯಿ ಇರುವ ನಮ್ಮ ಬೆಂಗಳೂರಿನ ಫ್ಲ್ಯಾಟಿಗೆ ಬೆಕ್ಕಿನ ಮರಿಯೊಂದನ್ನು ತರುವವರಿದ್ದೇವೆ. ಹಜಾರದಲ್ಲಿ ಮನಿ ಪ್ಲಾಂಟ್, ಡೈಫೆನ್‌ಬೇಕಿಯಾ, ಪೀಸ್ ಲಿಲಿ ಇವೆ. ಬಾಲ್ಕನಿಯಲ್ಲಿ ಲೋಳೆಸರ ಮತ್ತು ಸೈಕಸ್ ಇವೆ. ಇವೆಲ್ಲವೂ ವಿಷವೆಂದು ಕೆಲವರು ಹೇಳುತ್ತಾರೆ. ಎಲ್ಲವನ್ನೂ ಕೊಟ್ಟುಬಿಡಬೇಕೇ, ಎತ್ತರದಲ್ಲಿ ಇಟ್ಟರೆ ಸಾಕೇ?

ಉತ್ತರ (ಹಳೇ ಸದಸ್ಯ):
ಮೊದಲು ಸೈಕಸ್ ಅನ್ನು ಮನೆಯಿಂದ ಹೊರಗೆ ಕಳುಹಿಸಿ. ಅದರ ಎಲ್ಲ ಭಾಗಗಳಲ್ಲೂ ಇರುವ ಸೈಕಾಸಿನ್ ಯಕೃತ್ತನ್ನು ಕೆಡಿಸುತ್ತದೆ. ಬೀಜದಲ್ಲಿ ಅದು ಎಷ್ಟು ಹೆಚ್ಚೆಂದರೆ, ಒಂದೆರಡು ಬೀಜಗಳೇ ನಾಯಿಯ ಪ್ರಾಣ ತೆಗೆಯಬಲ್ಲವು. ಹಜಾರದ ಮೂರು ಗಿಡಗಳ ಅಪಾಯ ಬೇರೆ ಬಗೆಯದು. ಹಸಿ ಕೆಸುವಿನಿಂದ ಗಂಟಲು ತುರಿಸಲು ಕಾರಣವಾಗುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೇ ಇವುಗಳಲ್ಲೂ ಇರುವುದರಿಂದ, ಎಲೆ ಕಚ್ಚಿದ ಪ್ರಾಣಿಗೆ ಬಾಯಿ ಉರಿಯುತ್ತದೆ, ಜೊಲ್ಲು ಸುರಿಯುತ್ತದೆ, ಕೆಲವೊಮ್ಮೆ ವಾಂತಿಯಾಗುತ್ತದೆ, ಸಾವು ಅಪರೂಪ. ಲೋಳೆಸರದಿಂದ ವಾಂತಿ, ಭೇದಿ ಆಗಬಹುದು.

ಉತ್ತರ (ಬೆಕ್ಕಿನ ಮನೆ):
ಎತ್ತರದ ಉಪಾಯ ನಾಯಿಗೆ ಸರಿ, ಬೆಕ್ಕಿಗೆ ಅಲ್ಲ. ಕಪಾಟಿನ ಮೇಲಿಟ್ಟ ಮನಿ ಪ್ಲಾಂಟಿನ ಬಳ್ಳಿ ಕೆಳಗೆ ಜೋತಾಡಿದರೆ ಅದೇ ಮರಿಗೆ ಆಟದ ಸಾಮಾನಾಗುತ್ತದೆ. ಆದರೆ ನಿಮ್ಮ ಪಟ್ಟಿಯಲ್ಲಿಲ್ಲದ ಒಂದನ್ನು ಕುರಿತು ನನಗೆ ಹೆಚ್ಚಿನ ಭಯವಿದೆ. ಹೂಗುಚ್ಛಗಳಲ್ಲಿ ಬರುವ ಏಷಿಯಾಟಿಕ್, ಓರಿಯೆಂಟಲ್ ಲಿಲಿಗಳು ಪೀಸ್ ಲಿಲಿಯ ಜಾತಿಗೆ ಸೇರಿದವಲ್ಲ. ಮೈಮೇಲೆ ಬಿದ್ದ ಅವುಗಳ ಪರಾಗವನ್ನು ನೆಕ್ಕಿದರೂ, ಹೂದಾನಿಯ ನೀರನ್ನು ಕುಡಿದರೂ ಬೆಕ್ಕಿನ ಮೂತ್ರಪಿಂಡಗಳು ಒಂದರಿಂದ ಮೂರು ದಿನಗಳೊಳಗೆ ವಿಫಲವಾಗಬಹುದು. ಅತಿಥಿಗಳು ತಂದರೂ ಅವನ್ನು ಒಳಗಿಡಬೇಡಿ.

ಉತ್ತರ (ಹಳೇ ಸದಸ್ಯ):
ಒಪ್ಪುತ್ತೇನೆ. ಲಿಲಿ ತಿಂದಿರುವ ಅನುಮಾನ ಬಂದರೆ, ಲಕ್ಷಣಗಳಿಗಾಗಿ ಕಾಯದೆ ಪಶುವೈದ್ಯರ ಬಳಿಗೆ ಧಾವಿಸಬೇಕು. 18 ಗಂಟೆಗಳೊಳಗೆ ಡ್ರಿಪ್ ಆರಂಭಿಸಿದರೆ ಮೂತ್ರಪಿಂಡಗಳು ಉಳಿಯುವ ಸಾಧ್ಯತೆ ಹೆಚ್ಚು. ಕಚ್ಚಿದ ಗಿಡದ ತುಣುಕನ್ನೋ ಚಿತ್ರವನ್ನೋ ಜೊತೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಮಾತ್ರ ಬೇಡ, ಆ ಉಪ್ಪೇ ಪ್ರಾಣಿಗೆ ವಿಷವಾಗಬಹುದು.

ಪ್ರಶ್ನೆ ಕೇಳಿದವರು:
ಸೈಕಸ್ ಮತ್ತು ಡೈಫೆನ್‌ಬೇಕಿಯಾಗಳನ್ನು ಮೊದಲು ಸಾಗಿಸುತ್ತೇನೆ. ಆ ಜಾಗಕ್ಕೆ ಏನನ್ನು ತರಬಹುದು?

ಉತ್ತರ (ಬೆಕ್ಕಿನ ಮನೆ):
ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್, ಬೋಸ್ಟನ್ ಫರ್ನ್ ಮೂರೂ ವಿಷರಹಿತ. ಜೊತೆಗೆ ಅಗಲವಾದ ಕುಂಡದಲ್ಲಿ ಗೋಧಿ ಬಿತ್ತಿ. ಮರಿಗೆ ಹಸಿರು ಮೇಯುವ ಚಪಲವಿದ್ದರೆ ಆ ಹುಲ್ಲನ್ನೇ ಮೇಯಲಿ.